ಟೇಪ್ ಅಂಟು ಬಿಟ್ಟಿತ್ತು, ನಾನು ಸಮುದ್ರವನ್ನು ದೂರಿದೆ

ಅಘನಾಶಿನಿ ಅಳಿವೆಯಿಂದ ತಂದ 72 ಸೆಂ.ಮೀ. ಕೋರ್ ಅದು, ಅಂದರೆ ಕೆಸರಿನ ಕಂಬ. ಯಾವ ಆಳದ ಕೆಸರು ಯಾವ ವರ್ಷದ್ದು ಅಂತ ಅದರ ವಿಕಿರಣ ಅಳೆದು ಲೆಕ್ಕ ಹಾಕಬೇಕಿತ್ತು. ಮೂರು ಮೂರು ಸೆಂ.ಮೀ.ಗೆ ಕತ್ತರಿಸಿದರೆ 24 ಸ್ಯಾಂಪಲ್. ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಒಣಗಿಸಿ, ಪುಡಿ ಮಾಡಿ, ಡಬ್ಬಿಗೆ ತುಂಬಿ, ಟೇಪ್ ಸುತ್ತಿ 21 ದಿನ ಇಟ್ಟೆ. ಕೆಸರಿನ ರೇಡಿಯಂನಿಂದ ಹುಟ್ಟುವ ಅನಿಲ ರೇಡಾನ್-222ರ ಅರ್ಧಾಯು 3.8 ದಿನ. ಅದು ಒಳಗೇ ಉಳಿದು ರೇಡಿಯಂ ಜೊತೆ ಸಮ ಆಗಬೇಕಲ್ವಾ. ಆಮೇಲೆ ಒಂದೊಂದಕ್ಕೆ ಒಂದು ದಿನ ಕೌಂಟಿಂಗ್, ಅಂದರೆ ಗಾಮಾ ಕಿರಣ ಎಣಿಸುವುದು.

ಗಾಳಿಯಿಂದ ಬಿದ್ದು ಹೂತ ಸೀಸ-210 ವರ್ಷ ಕಳೆದಂತೆ ಕಮ್ಮಿಯಾಗುತ್ತದೆ. ಒಟ್ಟು ಸೀಸ-210ರಲ್ಲಿ ರೇಡಿಯಂನಿಂದ ಅಲ್ಲೇ ಹುಟ್ಟಿದ ಪಾಲು ಕಳೆದರೆ ಉಳಿಯುವುದು ‘ಎಕ್ಸೆಸ್’; ಅದನ್ನು ನೋಡಿ ವರ್ಷ ಹೇಳುತ್ತೇವೆ. ಆ ಲೆಕ್ಕದಲ್ಲಿ 1963 ಬಂದು ಕೂತಿದ್ದು 48 ಸೆಂ.ಮೀ. ಆಳದಲ್ಲಿ. ಸೀಸಿಯಂ-137 ಪೀಕ್ ಇದ್ದಿದ್ದು 30ರ ಹತ್ತಿರ. ಬಾಂಬ್ ಪರೀಕ್ಷೆಗಳ ಸೀಸಿಯಂ ಅತಿ ಜಾಸ್ತಿ ಬಿದ್ದಿದ್ದೇ 1963ರ ಸುಮಾರಿಗೆ. ಎರಡೂ ಒಂದೇ ಕಡೆ ಸಿಗಬೇಕಿತ್ತು.

ನಾನು ಸೀಸಿಯಂ ಮೇಲೆ ತಪ್ಪು ಹೊರಿಸಿದೆ. ನಮ್ಮ ಕಡೆ ಅದರ ಸಿಗ್ನಲ್ ಮೊದಲೇ ಸಣ್ಣದು. ಉಪ್ಪುನೀರಿನಲ್ಲಿ ಅದು ಮಣ್ಣಿನ ಹಿಡಿತ ಬಿಟ್ಟು ಸರಿಯುತ್ತದೆ. ಏಡಿ, ಹುಳ ಕೆಸರು ಕಲಸುತ್ತವೆ. ಇವೆಲ್ಲ ನಿಜವೇ. ಅದಕ್ಕೇ ನನಗೆ ಬೇರೆ ಕಾರಣ ಹುಡುಕಬೇಕು ಅನ್ನಿಸಲೇ ಇಲ್ಲ. ಎರಡು ವಾರ ಕೂತು ಅದನ್ನೇ ರಿಪೋರ್ಟಿನಲ್ಲಿ ಬರೆದೆ.

ರಿವ್ಯೂಗೆ ಹಿಂದಿನ ದಿನ. ಏಪ್ರಿಲ್ ಮಧ್ಯಾಹ್ನ, ಕರೆಂಟ್ ಇಲ್ಲ. ಡಿಟೆಕ್ಟರ್ ತಣ್ಣಗಿಡುವ ಡ್ಯೂಅರ್ ಫ್ಲಾಸ್ಕಿಗೆ ದ್ರವ ನೈಟ್ರೋಜನ್ ತುಂಬಿ ಬಂದ ಅಟೆಂಡರ್ ಒಂದು ಡಬ್ಬಿ ಎತ್ತಿದರು. "ಸರ್, ಧಗೆಗೆ ಈ ಟೇಪ್ ಅಂಟು ಬಿಟ್ಟೈತಿ ನೋಡ್ರಿ. ಉಗುರು ಹಾಕಿದ್ರೆ ಬರ್ತೈತಿ."

ತಿರುಗಿಸಿ ನೋಡಿದೆ. ಟೇಪಿನ ತುದಿ ಎದ್ದು ನಿಂತಿತ್ತು. ಇನ್ನೊಂದು ತೆಗೆದೆ, ಅದೂ ಹಾಗೇ. ಒಂಬತ್ತನೆಯದಕ್ಕೆ ಸ್ಟೂಲ್ ಎಳೆದು ಕೂತುಬಿಟ್ಟೆ. ರೇಡಿಯಂ ಅಳೆಯುವುದು ರೇಡಾನ್ ಒಡೆದು ಬರುವ ಬಿಸ್ಮತ್-214ರ 609 ಕೆಇವಿ ಗಾಮಾ ಪೀಕ್ ನೋಡಿ. ರೇಡಾನ್ ಸೋರಿದರೆ ಆ ಪೀಕ್ ಕಮ್ಮಿ. ರೇಡಿಯಂ ಕಮ್ಮಿ. ಕಳೆದಾಗ ಎಕ್ಸೆಸ್ ಜಾಸ್ತಿ. ಆಗ ಹಳೆ ಕೆಸರು ಹೊಸದಾಗಿ ಕಾಣುತ್ತದೆ, 1963 ಕೆಳಗೆ ಸರಿಯುತ್ತದೆ. ತಳದಲ್ಲಿ ಎಕ್ಸೆಸ್ ಹೆಚ್ಚುಕಮ್ಮಿ ಸೊನ್ನೆಗೆ ಇಳಿಯಬೇಕು, ನನ್ನ ಗ್ರಾಫಿನಲ್ಲಿ ಇಳಿದೇ ಇರಲಿಲ್ಲ. ಎರಡು ವಾರದಿಂದ ಅದು ನನ್ನ ಕಣ್ಣೆದುರೇ ಇತ್ತು. ಕೈ ತಣ್ಣಗಾಯಿತು.

ನಮ್ಮ ಕೆಲಸ ನೋಡಿಕೊಳ್ಳುವ ಮೇಡಂಗೆ ಫೋನ್ ಮಾಡಿದೆ. "ಮೇಡಂ, ನಾಳೆ ರಿವ್ಯೂ ಬೇಡ. ನನ್ನ ರೇಡಿಯಂ ಲೆಕ್ಕವೇ ತಪ್ಪಿದೆ."

ಸ್ವಲ್ಪ ಹೊತ್ತು ಮಾತಿಲ್ಲ. "ಯಾವಾಗ ಗೊತ್ತಾಯ್ತು?"

"ಹತ್ತು ನಿಮಿಷ ಆಯ್ತು."

"ಸರಿ. ಎಲ್ಲ ಮತ್ತೆ ಸೀಲ್ ಮಾಡಿ. ತಳದ ಸ್ಯಾಂಪಲ್ ಮೊದಲು ಹಾಕಿ."

ಗಾಳಿಯಾಡದ ಡಬ್ಬಿ ಬೇಕು ಅಂತ ಬರೆದು ಒಂದು ವರ್ಷ ಆಗಿತ್ತು. ಫೈಲು ಕೊಟೇಶನ್‌ಗೆ ಹೋಗಿ ಬರುತ್ತಲೇ ಇತ್ತು. ಅಷ್ಟು ಸಣ್ಣ ಖರೀದಿಗೆ ಅಷ್ಟು ಓಡಾಟ ಯಾಕೆ ಅಂತ ಈಗಲೂ ಸಿಟ್ಟಿದೆ. ಆದರೆ ಅರಾಲ್ಡೈಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ. ನಾನೇ ಹೋಗಿ ತರಬಹುದಿತ್ತು.

ಅರಾಲ್ಡೈಟ್ ಹಚ್ಚಿ ಮತ್ತೆ 21 ದಿನ ಕಾದೆವು. ತಳದ ಸ್ಯಾಂಪಲ್ಲಿನ 609 ಪೀಕ್ ಮೂರನೇ ಒಂದರಷ್ಟು ಏರಿತು. 24 ದಿನದ ಕೌಂಟಿಂಗ್ ಮುಗಿದಾಗ 1963 ಬಂದು ನಿಂತಿದ್ದು 32ರಲ್ಲಿ. ಸೀಸಿಯಂ ಎಲ್ಲೂ ಹೋಗಿರಲಿಲ್ಲ.

ಈಗ ತಳದ ಡಬ್ಬಿಯನ್ನು 21ನೇ ದಿನ ಒಮ್ಮೆ, 30ನೇ ದಿನ ಇನ್ನೊಮ್ಮೆ ಕೌಂಟ್ ಮಾಡುತ್ತೇನೆ. ಬೇಸಿಗೆಯಲ್ಲಿ ಡಬ್ಬಿಗಳಿಗೆ ಉಗುರು ಹಾಕಿ ನೋಡುವ ಕೆಲಸ ಅಟೆಂಡರ್ ಅವರದು. ಅದನ್ನು ಅವರೇ ಕೇಳಿ ತಗೊಂಡರು.