ಲೇಹ್‌ಗೆ ಮಧ್ಯಾಹ್ನದ ಫ್ಲೈಟ್ ಯಾಕಿಲ್ಲ?

ನಾನು ವಾಯುಪಡೆಯಲ್ಲಿ ಮೆಟ್ ಅಸಿಸ್ಟೆಂಟ್ ಆಗಿದ್ದವನು. ಗಾಳಿ, ಮೋಡ, ತಾಪಮಾನ, ಒತ್ತಡ ನೋಡಿ ಬರೆದು ಪೈಲಟ್‌ಗಳಿಗೆ ತಲುಪಿಸುವುದು ನನ್ನ ಕೆಲಸ. ಹಾಗಾಗಿ ಲಡಾಖ್‌ಗೆ ಹೊರಟ ನೆಂಟರು, ಗೆಳೆಯರು ಎಲ್ಲರೂ ನನ್ನನ್ನು ಕೇಳುತ್ತಾರೆ: "ಲೇಹ್ ಫ್ಲೈಟೆಲ್ಲ ಹೆಚ್ಚುಕಮ್ಮಿ ಬೆಳಗ್ಗೇನೇ ಯಾಕೆ? ಮೋಡ ಒಂದೂ ಇಲ್ಲ, ಆದ್ರೂ ಕ್ಯಾನ್ಸಲ್ ಮಾಡ್ತಾರಲ್ಲ?"

ಅಲ್ಲಿ ಆಕಾಶ ತಿಳಿಯಾಗಿದ್ದರೆ ಸಾಲದು. ಗಾಳಿ ಎಷ್ಟಿದೆ, ಬಿಸಿ ಎಷ್ಟಿದೆ ಅನ್ನುವುದೂ ಅಷ್ಟೇ ಮುಖ್ಯ.

ಲೇಹ್ ಮೂಲತಃ ವಾಯುಪಡೆಯ ನೆಲೆ. ಪ್ರಯಾಣಿಕರ ಟರ್ಮಿನಲ್ ಅದರ ಒಂದು ಪಕ್ಕದಲ್ಲಿದೆ. ರನ್‌ವೇ ಇರುವುದು ಸಮುದ್ರಮಟ್ಟದಿಂದ ಸುಮಾರು 10,680 ಅಡಿ ಎತ್ತರದಲ್ಲಿ. ನಮ್ಮ ಬೆಂಗಳೂರು ವಿಮಾನ ನಿಲ್ದಾಣ 3,000 ಅಡಿಯಲ್ಲಿದೆ. ಲೇಹ್‌ನಲ್ಲಿ ಗಾಳಿಯ ಒತ್ತಡ ಕರಾವಳಿಯಲ್ಲಿ ಇರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ನಾವು ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತೇವಲ್ಲ, ಎಂಜಿನ್‌ಗೂ ಅದೇ ಕಷ್ಟ. ರೆಕ್ಕೆಗೂ ಸಾಕಷ್ಟು ಗಾಳಿ ಸಿಗುವುದಿಲ್ಲ. ಹಾಗಾಗಿ ವಿಮಾನ ನೆಲದ ಮೇಲೆ ಇನ್ನೂ ವೇಗವಾಗಿ, ಇನ್ನೂ ದೂರ ಓಡಬೇಕು. ಆದರೆ ಅಲ್ಲಿನ ರನ್‌ವೇ ಸುಮಾರು 2,750 ಮೀಟರ್. ಬೆಂಗಳೂರಿನದು 4,000.

ಬಿಸಿಲು ಏರಿದರೆ ತೆಳು ಗಾಳಿ ಇನ್ನೂ ತೆಳುವಾಗುತ್ತದೆ. 25 ಡಿಗ್ರಿ ನಮಗೆ ಹಿತವಾದ ಹವೆ. ಲೇಹ್‌ನಲ್ಲಿ ಅಷ್ಟು ಬಿಸಿಯಾದರೆ ವಿಮಾನದ ಪಾಲಿಗೆ ರನ್‌ವೇ 14,000 ಅಡಿಗೂ ಮೇಲಿದ್ದ ಹಾಗೆ. ಪೈಲಟ್‌ಗಳು ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ. ಆಗ ಭಾರ ಇಳಿಸಬೇಕು, ಇಲ್ಲವೇ ಹೊರಡಬಾರದು. 2024ರ ಜುಲೈ ಕೊನೆಯಲ್ಲಿ ಅಲ್ಲಿ ಹಲವು ವಿಮಾನಗಳು ರದ್ದಾಗಿದ್ದು ಮಳೆಯಿಂದಲ್ಲ, ಸೆಕೆಯಿಂದ. ಎಷ್ಟೋ ಜನ ಅದನ್ನು ನಂಬಲೇ ಇಲ್ಲ.

ಇನ್ನು ಗಾಳಿ. ಬೆಳಗ್ಗೆ ಆರು ಗಂಟೆಗೆ, ಗಾಳಿಯ ದಿಕ್ಕು, ಬಿರುಸು ತೋರಿಸುವ ಬಟ್ಟೆಯ ಗಾಳಿಚೀಲ ಕಂಬಕ್ಕೆ ಜೋತು ಬಿದ್ದಿರುತ್ತದೆ. ಹೊತ್ತು ಏರಿದ ಹಾಗೆ ಬೋಳು ಬೆಟ್ಟಗಳು ಬಿಸಿಯಾಗುತ್ತವೆ. ಅಲ್ಲಿನ ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಸಿಂಧೂ ಕಣಿವೆಯ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನಕ್ಕೆ ಗಾಳಿಚೀಲ ಕೋಲಿನಂತೆ ಸೆಟೆದು ನಿಲ್ಲುತ್ತದೆ.

ಗಾಳಿ ಎದುರಿಗೆ ಬಂದರೆ ಇಳಿಯುವವನಿಗೆ ಒಳ್ಳೆಯದೇ. ಆದರೆ ಲೇಹ್‌ನಲ್ಲಿ ಪೂರ್ವಕ್ಕೆ ನೆಲ ಏರುತ್ತಾ ಹೋಗುತ್ತದೆ, ಸುತ್ತ ಬೆಟ್ಟ. ಹಾಗಾಗಿ ಸಾಮಾನ್ಯವಾಗಿ ಪಶ್ಚಿಮದಿಂದ, ಸ್ಪಿತುಕ್ ಮಠದ ಕಡೆಯಿಂದ ಬಂದು ಇಳಿಯುತ್ತಾರೆ, ಹೊರಡುವಾಗ ಅದೇ ಕಡೆಗೆ ಹಾರುತ್ತಾರೆ. ಮಧ್ಯಾಹ್ನದ ಗಾಳಿಯೂ ಪಶ್ಚಿಮದ್ದೇ. ಇಳಿಯುವ ವಿಮಾನಕ್ಕೆ ಅದು ಬೆನ್ನಿನ ಗಾಳಿ. ಮೊದಲೇ ವೇಗ ಜಾಸ್ತಿ, ಅದರ ಮೇಲೆ ಹಿಂದಿನಿಂದ ತಳ್ಳಿದರೆ ನಿಲ್ಲಿಸಲು ರನ್‌ವೇ ಸಾಲಬೇಕಲ್ವಾ? ಬೆಟ್ಟಗಳಿಗೆ ಬಡಿದ ಗಾಳಿ ಸುಳಿ ಸುತ್ತಿ ಕುಲುಕಾಡಿಸುವುದು ಬೇರೆ. ಇಕ್ಕಟ್ಟಾದ ಕಣಿವೆಯಲ್ಲಿ ಮತ್ತೊಂದು ಸುತ್ತು ಹಾಕಿ ಬರುವುದೂ ಸುಲಭವಲ್ಲ. ಅದಕ್ಕೇ ಲೇಹ್‌ಗೆ ಹಾರುವ ಪೈಲಟ್‌ಗಳಿಗೆ ಪ್ರತ್ಯೇಕ ತರಬೇತಿ ಇರುತ್ತದೆ.

ಈ ಮಾತು ಬಂದಾಗಲೆಲ್ಲ ನನಗೆ 1948ರ ಮೇ 24 ನೆನಪಾಗುತ್ತದೆ. ಏರ್ ಕಮಡೋರ್ ಮೆಹರ್ ಸಿಂಗ್ ಅಂದು ಮೊದಲ ಬಾರಿಗೆ ಲೇಹ್‌ನಲ್ಲಿ ಡಕೋಟಾ ವಿಮಾನ ಇಳಿಸಿದರು. ಲಡಾಖಿ ಎಂಜಿನಿಯರ್ ಸೋನಂ ನೋರ್ಬು ಅವರ ಮುಂದಾಳತ್ವದಲ್ಲಿ ಹದ ಮಾಡಿದ ನೆಲ ಅದು. ವಿಮಾನದಲ್ಲಿ ಜೊತೆಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಡಕೋಟಾದ ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ. ಅಂಥದರಲ್ಲಿ ಹಿಮಾಲಯ ದಾಟಿ ಬಂದರು. ಇಬ್ಬರ ಧೈರ್ಯಕ್ಕೂ ನಾನು ಇವತ್ತಿಗೂ ಕೈಮುಗಿಯುತ್ತೇನೆ.

"ಹಾಗಾದ್ರೆ ವಾಯುಪಡೆಯ ದೊಡ್ಡ ವಿಮಾನಗಳು ಹೇಗೆ ಹಾರ್ತಾವೆ?" ಅಂತಲೂ ಕೆಲವರು ಕೇಳುತ್ತಾರೆ. ಸಿ-17 ವಿಮಾನಕ್ಕೆ ನಾಲ್ಕು ಎಂಜಿನ್. ಒಂದು ಕೆಟ್ಟರೆ ಹೋಗುವುದು ಕಾಲು ಭಾಗದ ಬಲ. ನಾವು ಕೂರುವ ಜೆಟ್‌ಗೆ ಎರಡೇ, ಒಂದು ಕೆಟ್ಟರೆ ಅರ್ಧ ಬಲವೇ ಹೋಯಿತು. ಉಳಿದ ಒಂದರಲ್ಲೇ ಬೆಟ್ಟಗಳ ನಡುವಿಂದ ಮೇಲೇರಿ ಪಾರಾಗಬೇಕು. ಆ ಲೆಕ್ಕ ಹಾಕಿಯೇ ಪ್ರತಿ ವಿಮಾನ ಹೊರಡುತ್ತದೆ.

ಲೇಹ್‌ಗೆ ಟಿಕೆಟ್ ಮಾಡುವವರು ಬೆಳಗಿನ ಮೊದಲ ವಿಮಾನವನ್ನೇ ಹಿಡಿಯಿರಿ. ವಾಪಸ್ ಬರುವ ದಿನವೇ ದೆಹಲಿಯಿಂದ ಬೆಂಗಳೂರಿಗೆ ಬೇರೆ ಟಿಕೆಟ್ ಇಟ್ಟುಕೊಳ್ಳಬೇಡಿ. ಮಧ್ಯೆ ಒಂದು ದಿನ ಬಿಡಿ.