ಗುರುವಾರ ಪ್ಯಾಟಿ ಐತೋ ಇಲ್ಲೋ?

ಸಾಂಕ್ರಾಮಿಕ ರೋಗ ಬಂದಾಗ ಸರ್ಕಾರದ ಟಿವಿ, ರೇಡಿಯೋ ಏನು ಮಾಡಬೇಕು ಅನ್ನೋದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಆದೇಶ ಓದಿ ಹೇಳಿದರೆ ಸಾಲದು. ಆ ಆದೇಶದಿಂದ ಹಾವೇರಿ ಜಿಲ್ಲೆಯ ರೈತನಿಗೆ ನಾಳೆ ಏನಾಗುತ್ತದೆ ಅಂತ ಅದೇ ದಿನ ಹೇಳಬೇಕು. ಅವನು ಕೇಳಿದ್ದಕ್ಕೆ ಉತ್ತರ ಕೊಡಬೇಕು.

ಕೊರೊನಾ ಕಾಲ. 2020ರ ಮಾರ್ಚ್ 24, ಮಂಗಳವಾರ. ಮರುದಿನ ಯುಗಾದಿ. ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದು, ಅವತ್ತು ಮಧ್ಯರಾತ್ರಿಯಿಂದಲೇ 21 ದಿನ ಇಡೀ ದೇಶ ಲಾಕ್‌ಡೌನ್ ಅಂದರು. ನಾವು ಹಬ್ಬಕ್ಕೆ ಅಂತ ಬ್ಯಾಡಗಿ ತಾಲೂಕಿನ ಊರಿಗೆ, ಕಾಕಾನ ಮನೆಗೆ ಹೋಗಿದ್ದೆವು. ಪಡಸಾಲೆಯಲ್ಲಿ ಮೆಣಸಿನಕಾಯಿ ಚೀಲ ಒಂದರ ಮೇಲೊಂದು ಒಟ್ಟಿದ್ದರು, ಅದರ ಘಾಟಿಗೆ ಟಿವಿ ಮುಂದೆ ಕೂತವರೆಲ್ಲ ಸೀನುತ್ತಿದ್ದರು, ಒಬ್ಬರು ಸೀನಿದರೆ ಉಳಿದವರು ಗಾಬರಿಯಿಂದ ತಿರುಗಿ ನೋಡುತ್ತಿದ್ದರು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ನಡೆಯೋದು ಸೋಮವಾರ ಮತ್ತು ಗುರುವಾರ. ಭಾಷಣ ಮುಗಿದ ಮೇಲೆ ಕಾಕಾ ಕೇಳಿದ್ದು ಒಂದೇ ಮಾತು: "ಎಲ್ಲಾ ಖರೆ, ಗುರುವಾರ ಪ್ಯಾಟಿ ಐತೋ ಇಲ್ಲೋ?"

ಅದಕ್ಕೆ ಯಾವ ಚಾನೆಲ್ಲಿನಲ್ಲೂ ಉತ್ತರ ಸಿಗಲಿಲ್ಲ. ರೈತರ ಹೊಲದ ಕೆಲಸಕ್ಕೆ, ಎಪಿಎಂಸಿ ಮಾರುಕಟ್ಟೆಗೆ ವಿನಾಯಿತಿ ಅಂತ ಕೇಂದ್ರ ಗೃಹ ಇಲಾಖೆ ಆದೇಶ ತಿದ್ದಿದ್ದು ಮಾರ್ಚ್ 27ಕ್ಕೆ. ಆ ಸುದ್ದಿ ಹಳ್ಳಿಗೆ ಬಂದು, ರಸ್ತೆಯಲ್ಲಿ ಲಾಠಿ ಹಿಡಿದು ನಿಂತ ಪೊಲೀಸರಿಗೂ ಮುಟ್ಟೋ ಹೊತ್ತಿಗೆ ಇನ್ನೂ ತಡವಾಯಿತು. ನಡುವಿನ ದಿನಗಳಲ್ಲಿ ಹೇಳೋರು ಯಾರೂ ಇಲ್ಲದ್ದಕ್ಕೆ ವಾಟ್ಸಾಪ್ ಹೇಳಿತು. ರಾತ್ರಿ ಹೆಲಿಕಾಪ್ಟರಿನಿಂದ ಔಷಧಿ ಹೊಡೀತಾರೆ, ಒಣಹಾಕಿದ ಬಟ್ಟೆ ಒಳಗೆ ತಗೊಳ್ಳಿ ಅನ್ನೋ ಸಂದೇಶ ನೆನಪಿದೆಯಲ್ವಾ? ನಮ್ಮ ಓಣಿಯಲ್ಲಿ ನಿಜವಾಗಿಯೂ ಬಟ್ಟೆ ಒಳಗೆ ತಗೊಂಡರು. ಜನ ದಡ್ಡರು ಅಂತ ಅಲ್ಲ. ಸರ್ಕಾರ ಬಾಯಿ ಬಿಡದಿದ್ದರೆ ಜನ ಸಿಕ್ಕಿದ್ದನ್ನೇ ನಂಬುತ್ತಾರೆ.

ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ. ಬೀಜ, ಗೊಬ್ಬರ, ಮಳೆ, ಎಲ್ಲವನ್ನೂ ಅದರಲ್ಲೇ ಕೇಳಿ ಬೆಳೆದವರು ನಮ್ಮ ಕಡೆಯ ಹಿರಿಯರು. ಆ ಧ್ವನಿಯ ಮೇಲೆ ಅವರಿಗೆ ನಂಬಿಕೆ ಜಾಸ್ತಿ. ಲಾಕ್‌ಡೌನ್ ದಿನಗಳಲ್ಲಿ ರೇಡಿಯೋದ ಒಂದು ಫೋನ್-ಇನ್‌ಗೆ ಗದಗ ಕಡೆಯ ಒಬ್ಬ ಅಜ್ಜಿ ಫೋನ್ ಮಾಡಿದ್ದರು. "ಬಿಪಿ ಗುಳಿಗಿ ಮುಗದಾವ್ರೀ ಡಾಕ್ಟ್ರೇ, ಬಸ್ಸಿಲ್ಲ, ಏನ್ ಮಾಡ್ಲಿ?" ಡಾಕ್ಟರು ಯಾವ ಗುಳಿಗೆ ಅಂತ ಕೇಳಿದರು. ಅಜ್ಜಿಗೆ ಹೆಸರು ಗೊತ್ತಿಲ್ಲ, ಮೊಮ್ಮಗ ಗುಳಿಗೆಯ ಖಾಲಿ ಸ್ಟ್ರಿಪ್ ನೋಡಿ ಅಕ್ಷರ ಕೂಡಿಸಿ ಓದಿದ. ಮಧ್ಯದಲ್ಲಿ ಗುಳಿಗೆ ಬಿಡಬೇಡಿ, ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತರಿಸಿಕೊಳ್ಳಿ, ಆಗದಿದ್ದರೆ 104ಕ್ಕೆ ಫೋನ್ ಮಾಡಿ ಅಂತ ಡಾಕ್ಟರು ನಿಧಾನಕ್ಕೆ ಎರಡು ಸಲ ಹೇಳಿದರು. ಅವತ್ತು ಅದೇ ತೊಂದರೆಯಲ್ಲಿದ್ದ ಎಷ್ಟು ಮನೆಗೆ ಆ ಮಾತು ಉಪಯೋಗಕ್ಕೆ ಬಂದಿರಬೇಕು, ಯೋಚಿಸಿ.

ರಾಜ್ಯದ ಆರೋಗ್ಯ ಇಲಾಖೆಯ ಬುಲೆಟಿನ್ನು ಬೇರೆಯದೇ ಕಥೆ. ಆರಂಭದಲ್ಲಿ ಪ್ರತಿ ರೋಗಿಗೂ ಒಂದು ಪಿ ನಂಬರು, ವಯಸ್ಸು, ಗಂಡೋ ಹೆಣ್ಣೋ, ಎಲ್ಲಿಗೆ ಹೋಗಿ ಬಂದವರು, ಯಾರ ಸಂಪರ್ಕ, ಎಲ್ಲ ಇರುತ್ತಿತ್ತು. ಇಷ್ಟು ಬಿಚ್ಚಿ ಹೇಳಿದ್ದು ಒಳ್ಳೆಯದೇ, ರೋಗ ಹೇಗೆ ಓಡಾಡುತ್ತಿದೆ ಅಂತ ನಮಗೂ ಕಾಣುತ್ತಿತ್ತು. ಆದರೆ ಸಣ್ಣ ಊರಲ್ಲಿ ಅಷ್ಟು ಸಾಕು, ಯಾರ ಮನೆ ಅಂತ ಸಂಜೆಯೊಳಗೆ ಗೊತ್ತಾಗುತ್ತದೆ. ಮಾರ್ಚ್‌ನಲ್ಲೇ ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನೇ ಸರ್ಕಾರ ಬಹಿರಂಗ ಮಾಡಿತು. ಅದು ತಪ್ಪು. ಪರಿಚಯದ ಒಂದು ಮನೆಗೆ ಹಾಲು ಹಾಕುವವನೇ ಬರೋದು ನಿಲ್ಲಿಸಿದ. ಅದನ್ನು ನೋಡಿದ ಮೇಲೆ ಜ್ವರ ಬಂದವರು ಸುಮ್ನೆ ಅಂಗಡಿ ಗುಳಿಗೆ ನುಂಗಿ ಮನೆಯಲ್ಲೇ ಮಲಗಿದರು, ಟೆಸ್ಟಿಗೆ ಹೋಗಲಿಲ್ಲ.

ಬಾಯಿ ಮುಚ್ಚಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಚೀನಾ ಇದೆ. 2020ರ ಜನವರಿ ಶುರುವಿನಲ್ಲಿ, ವುಹಾನ್‌ನಲ್ಲಿ ವದಂತಿ ಹಬ್ಬಿಸಿದ ಎಂಟು ಜನರ ಮೇಲೆ ಪೊಲೀಸರು ಕ್ರಮ ತೆಗೆದುಕೊಂಡರು ಅಂತ ಅಲ್ಲಿನ ಸರ್ಕಾರಿ ವಾಹಿನಿ ಸಿಸಿಟಿವಿ ಸುದ್ದಿ ಓದಿತು. ಅದೇ ದಿನಗಳಲ್ಲಿ, ಜೊತೆಯ ವೈದ್ಯರನ್ನು ಎಚ್ಚರಿಸಿದ್ದ ಡಾಕ್ಟರ್ ಲಿ ವೆನ್‌ಲಿಯಾಂಗ್ ಅವರನ್ನೂ ಪೊಲೀಸರು ಕರೆಸಿ ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡರು. ಜನವರಿ 20ಕ್ಕೆ ಅದೇ ವಾಹಿನಿಯಲ್ಲಿ ತಜ್ಞ ಝೋಂಗ್ ನಾನ್‌ಶಾನ್ ಬಂದು, ಇದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆ ಅಂದರು. 23ಕ್ಕೆ ವುಹಾನ್ ಬಂದ್. ಫೆಬ್ರವರಿ 7ಕ್ಕೆ ಲಿ ಅದೇ ರೋಗದಿಂದ ತೀರಿಕೊಂಡರು. ಅಷ್ಟು ದಿನ ಜನ ಎಚ್ಚರ ಇಲ್ಲದೆ ಓಡಾಡಿದರಲ್ಲ, ಆ ದಿನಗಳನ್ನು ವಾಪಸ್ ತರೋರು ಯಾರು?

ಮುಂದೆ ಇಂಥದ್ದು ಬಂದರೆ ನಾನು ಕೇಳೋದು ಇಷ್ಟು. ಪ್ರತಿ ಸಂಜೆ ಗೊತ್ತುಮಾಡಿದ ಹೊತ್ತಿಗೆ ಧಾರವಾಡ ಆಕಾಶವಾಣಿಯಲ್ಲಿ ಅರ್ಧ ಗಂಟೆ. ಜಿಲ್ಲಾ ಆರೋಗ್ಯಾಧಿಕಾರಿ, ಎಪಿಎಂಸಿ ಕಾರ್ಯದರ್ಶಿ, ತಹಶೀಲ್ದಾರರು ಸರದಿ ಪ್ರಕಾರ ಬಂದು ಕೂರಲಿ. ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಎಷ್ಟು ಬೆಡ್ ಖಾಲಿ ಇವೆ, ಅವತ್ತು ಎಷ್ಟು ಜನ ಸತ್ತರು, ಯಾವ ಮಾರುಕಟ್ಟೆ ತೆಗೆದಿದೆ, ಎಲ್ಲ ಹೇಳಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ನಾಳೆ ತಿಳಿದು ಹೇಳ್ತೀವಿ ಅನ್ನಲಿ, ಮರುದಿನ ಮರೆಯದೆ ಹೇಳಲಿ. ರೋಗಿಯ ಊರು, ವಯಸ್ಸು ಮಾತ್ರ ಬೇಡ. ಸ್ಟುಡಿಯೋ ಇದೆ, ಟ್ರಾನ್ಸ್‌ಮಿಟರ್ ಇದೆ, ಫೋನಿದೆ. ಜಿಲ್ಲಾಡಳಿತ ಮನಸ್ಸು ಮಾಡಬೇಕು.