ಫಾಗ್ ಲ್ಯಾಂಪಿಗೆ ಹೆಚ್ಚು ಬೆಳಕಿನ ಬಲ್ಬ್ ಆರಿಸುವ ಮುನ್ನ

ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರಿಗೆ ಕಾರಿನ ಫಾಗ್ ಲ್ಯಾಂಪ್ (ಮಂಜಿನ ದೀಪ) ಅಲಂಕಾರದ ವಸ್ತುವಲ್ಲ. ಬಂಪರಿನ ಕೆಳಭಾಗದಲ್ಲಿರುವ ಈ ದೀಪದ ಕೆಲಸ ದೂರವನ್ನು ಬೆಳಗುವುದಲ್ಲ, ರಸ್ತೆಯ ಅಂಚನ್ನೂ ಬಿಳಿ ಪಟ್ಟಿಯನ್ನೂ ಅಗಲವಾಗಿ ತೋರಿಸುವುದು. ಅದರ ಬೆಳಕಿನ ಮೇಲಂಚು ಕತ್ತರಿಸಿದಂತಿರಬೇಕು. ಮೇಲಕ್ಕೆ ಸೋರಿದ ಬೆಳಕನ್ನು ಮಂಜು ಚಾಲಕನ ಕಣ್ಣಿಗೇ ಹಿಂದಿರುಗಿಸುತ್ತದೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಲ್ಯುಮೆನ್ (ಬೆಳಕಿನ ಪ್ರಮಾಣದ ಅಳತೆ) ಅಲ್ಲ, ಬಲ್ಬಿನ ಮಾದರಿ. ಎಚ್8, ಎಚ್11 ಮತ್ತು ಎಚ್16 ಬಲ್ಬುಗಳು ನೋಡಲು ಒಂದೇ ತರಹ ಇದ್ದರೂ ಕ್ರಮವಾಗಿ 35, 55 ಮತ್ತು 19 ವ್ಯಾಟಿನವು. ಬಲ್ಬಿನ ಬುಡದಲ್ಲಿ ದೀಪಕ್ಕೆ ಸಿಕ್ಕಿಕೊಳ್ಳುವ ಕಿವಿಯನ್ನು ಉಜ್ಜಿ, ಎಚ್16 ಇದ್ದ ಜಾಗಕ್ಕೆ ಎಚ್11 ಕೂರಿಸಿಕೊಡುವವರು ಸಿಗುತ್ತಾರೆ. ಆದರೆ 19 ವ್ಯಾಟಿಗೆಂದು ಮಾಡಿದ ಪ್ಲಾಸ್ಟಿಕ್ ದೀಪಕ್ಕೆ ಸುಮಾರು ಮೂರು ಪಟ್ಟು ಶಾಖವನ್ನು ತಡೆಯುವ ಶಕ್ತಿ ಇರಬೇಕಲ್ಲ! 100 ವ್ಯಾಟಿನ ಬಲ್ಬಿನ ವಿಷಯವೂ ಅಷ್ಟೆ: ಜೋಡಿಯೊಂದು 12 ವೋಲ್ಟಿನಲ್ಲಿ 16 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ, ಮೂಲ ವೈರಿಂಗ್ ಮತ್ತು ಫ್ಯೂಸ್ ಅದಕ್ಕೆಂದು ಇರುವುದಿಲ್ಲ.

ಮಂಕು ಬೆಳಕಿಗೆ ಹಲವೊಮ್ಮೆ ಬಲ್ಬ್ ಕಾರಣವೇ ಅಲ್ಲ. ಎಚ್11 ಬಲ್ಬಿನ 1350 ಲ್ಯುಮೆನ್ ಅಳತೆ 13.2 ವೋಲ್ಟಿನದು, ತುಕ್ಕು ಹಿಡಿದ ಅರ್ತ್ ಅಥವಾ ತೆಳು ವೈರಿನಿಂದಾಗಿ ಹೋಲ್ಡರಿಗೆ 12 ವೋಲ್ಟ್ ಮಾತ್ರ ತಲುಪಿದರೆ ಕಾಲುಭಾಗಕ್ಕಿಂತ ಹೆಚ್ಚು ಬೆಳಕು ಕಳೆದುಹೋಗುತ್ತದೆ. ಮಲ್ಟಿಮೀಟರ್ ಹಿಡಿದು ಇದನ್ನು ಅಳೆದ ಮೇಲೆಯೇ ಅಂಗಡಿಗೆ ಹೋಗುವುದು ಲೇಸು. ಮಾಸಿದ ಲೆನ್ಸನ್ನು ಒರೆಸುವುದಕ್ಕಂತೂ ಖರ್ಚೇ ಇಲ್ಲ.

ಇಂಥ ಹ್ಯಾಲೊಜನ್ ದೀಪಕ್ಕೆ, ಅಂದರೆ ಒಳಗಿನ ತಂತಿ (ಫಿಲಮೆಂಟ್) ಕಾದು ಬೆಳಗುವ ಬಲ್ಬಿನ ದೀಪಕ್ಕೆ, ಎಲ್‌ಇಡಿ ಬಲ್ಬ್ ಹಾಕುವುದರ ಬಗ್ಗೆ ನನಗೆ ಉತ್ಸಾಹವಿಲ್ಲ. ರಿಫ್ಲೆಕ್ಟರನ್ನು ರೂಪಿಸಿರುವುದು ಫಿಲಮೆಂಟಿನ ಗಾತ್ರಕ್ಕೆ ಮತ್ತು ಅದು ಇರುವ ನಿಖರ ಜಾಗಕ್ಕೆ. ಎಲ್‌ಇಡಿಯ ಬೆಳಗುವ ಚಿಪ್‌ಗಳು ಅಲ್ಲಿಂದ ಸ್ವಲ್ಪ ಸರಿದರೂ ಮೇಲಂಚು ಕದಡಿ, ಎದುರಿನವರ ಕಣ್ಣು ಕುಕ್ಕುತ್ತದೆ. 6000 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ನೀಲಿ ಛಾಯೆಯ ಬಿಳುಪು ಗೋಡೆಯ ಮೇಲೆ ಪ್ರಖರವಾಗಿ ಕಂಡರೂ ಒದ್ದೆ ಡಾಂಬರಿನ ಮೇಲೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ನೀಲಿ ಲೇಪನದ ಹ್ಯಾಲೊಜನ್ ಇನ್ನೂ ನಷ್ಟದ ಬಾಬತ್ತು, ಏಕೆಂದರೆ ಆ ಲೇಪನ ಇರುವ ಬೆಳಕನ್ನೇ ಸೋಸಿಬಿಡುತ್ತದೆ.

ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬುದು ಹಳೆಯ ನಂಬಿಕೆ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಆದರೂ ನೀಲಿ ಅಂಶ ತೆಗೆದ ಬೆಳಕು ಕಣ್ಣಿಗೆ ಹಿತವೆನಿಸುವುದರಿಂದ, ಘಾಟಿಯಲ್ಲಿ ಹೆಚ್ಚು ಓಡಾಡುವವರಿಗೆ ಮೂಲ ವ್ಯಾಟಿನದೇ ಹಳದಿ ಹ್ಯಾಲೊಜನ್ ಜೋಡಿಯನ್ನು ನಾನು ಹೇಳುತ್ತೇನೆ. "ಶೇಕಡಾ ಇಷ್ಟು ಹೆಚ್ಚು ಬೆಳಕು" ಎಂದು ಮಾರುವ ಬಲ್ಬುಗಳು ಅದೇ ವ್ಯಾಟಿನಲ್ಲಿ ಬೆಳಕನ್ನು ಬಿಗಿಯಾಗಿ ಕೂಡಿಸುತ್ತವೆ ನಿಜ, ಆದರೆ ಬೇಗ ಸುಡುತ್ತವೆ.

ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟದೆ ಎರಡೂ ಬಲ್ಬುಗಳನ್ನು ಒಟ್ಟಿಗೆ ಬದಲಿಸಿ, ಸಮತಟ್ಟಾದ ನೆಲದಲ್ಲಿ ಗೋಡೆಯೆದುರು ಕಾರು ನಿಲ್ಲಿಸಿ, ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಕೆಳಗಿದೆಯೇ ಎಂದು ನೋಡಿಕೊಳ್ಳಬೇಕು; ಇಲ್ಲದಿದ್ದರೆ ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಇಳಿಸಬೇಕು.